ಸಿಟ್ಟು ಯಾವ ಸ್ಥಿತಿಯಲ್ಲಿದೆ, ಮೊದಲು ನೋಡಿ

ಸಿಂಧನೂರು, ಮಸ್ಕಿ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ಕೊನೆಗೆ ಹೊಲ ಇದ್ದವರಿಗೆ ನಾಟಿ ಹೊತ್ತಿನಲ್ಲಿ ಸಿಟ್ಟೂ ಭಯವೂ ಜೊತೆಯಾಗಿಯೇ ಬರುತ್ತವೆ. ನಾಲೆಯ ನೀರಿನ ಗೇಜ್ ಇಳಿದರೆ ಮೇಲ್ಭಾಗದವರ ಮೇಲೆ ಕೋಪ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟಿಗೇ ದಿಗಿಲು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿದವರಿಗೆ ನಿದ್ದೆಗೆಟ್ಟ ಸಿಡುಕು. ಇಂಥವರಿಗೆ ‘ಸಮಾಧಾನ ಮಾಡ್ಕೊಳ್ರಿ’ ಅಂದರೆ ಉಪಯೋಗವಿಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ಕೈಗೆ ಸಿಗುವ ಕ್ರಮವೊಂದಿದೆ.

ರಾಗ, ಸಿಟ್ಟಿನ ಬೇರಾದ ದ್ವೇಷ, ಸಾವಿನ ಭಯವಾದ ಅಭಿನಿವೇಶ ಮುಂತಾದ, ಮನಸ್ಸನ್ನು ಕಾಡುವ ಕ್ಲೇಶಗಳಿಗೆ ಅಲ್ಲಿ ನಾಲ್ಕು ಸ್ಥಿತಿ ಹೇಳಿದೆ: ಮಲಗಿರುವುದು, ತೆಳುವಾಗಿರುವುದು, ತಡೆದು ನಿಂತಿರುವುದು, ಉಕ್ಕಿ ಹರಿಯುವುದು. ಒಂದೊಂದು ಸ್ಥಿತಿಗೂ ಬೇರೆ ಕೆಲಸ. ಉಕ್ಕುವಾಗ ವಿಚಾರ ಮಾಡಲು ಹೋಗುವುದೇ ನಮ್ಮಲ್ಲಿ ಹೆಚ್ಚಿನವರ ತಪ್ಪು.

ಸಿಟ್ಟು ಉಕ್ಕಿದೆಯೇ? ಮೊದಲು ಉಸಿರು. ಮನಸ್ಸು ಕದಡಿದಾಗ ಮೈ ನಡುಗುತ್ತದೆ, ಉಸಿರು ಏರುಪೇರಾಗುತ್ತದೆ ಎಂದು ಸೂತ್ರವೇ ಗುರುತಿಸುತ್ತದೆ. ಕೂತು, ಮೂರು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಂಡು, ಆರು ಎಣಿಸುವಷ್ಟು ಹೊತ್ತು ನಿಧಾನಕ್ಕೆ ಬಿಡಿ. ಐದು ನಿಮಿಷ ಸಾಕು. ಬಿಪಿ, ಹೃದಯದ ತೊಂದರೆ ಇರುವವರು ಉಸಿರು ಕಟ್ಟಬಾರದು. ಉಸಿರು ಹದಕ್ಕೆ ಬರುವವರೆಗೆ ಯಾರಿಗೂ ಫೋನ್ ಮಾಡಬೇಡಿ, ನಾಲೆಯ ಕಡೆ ಹೋಗಬೇಡಿ.

ಕಾವು ಇಳಿದ ಮೇಲೆ ನೋಟುಪುಸ್ತಕ ತೆಗೆಯಿರಿ. ಆದದ್ದೇನು, ಮೈಯಲ್ಲಿ ಎಲ್ಲಿ ಬಿಗಿಯಿತು, ಏನು ಕಳೆದುಹೋದೀತೆಂಬ ಭಯ? ಮೂರೇ ಸಾಲು ಬರೆಯಿರಿ. ದ್ವೇಷದ ಅಡಿಯಲ್ಲಿ ಎಷ್ಟೋ ಸಲ ಸಾಲದ ಭಯ ಕೂತಿರುತ್ತದೆ.

ಆಮೇಲೆ ಪ್ರತಿಪಕ್ಷ ಭಾವನೆ, ಅಂದರೆ ಕೆಟ್ಟ ಯೋಚನೆಗೆ ಎದುರಾದ ಯೋಚನೆ. ಒಳ್ಳೆಯದನ್ನು ನೆನೆಯುವುದಷ್ಟೇ ಎಂದು ಇದನ್ನು ಹಗುರ ಮಾಡುತ್ತಾರೆ. ಪತಂಜಲಿ ಹೇಳುವುದು ಖಡಕ್ಕಾದದ್ದು. ಹಿಂಸೆಯನ್ನು ತಾನೇ ಮಾಡಲಿ, ಮಾಡಿಸಲಿ, ಮಾಡಿದವರಿಗೆ ತಲೆದೂಗಲಿ, ಫಲ ಮುಗಿಯದ ದುಃಖ ಮತ್ತು ಅಜ್ಞಾನ ಎಂದು ಯೋಚಿಸು ಎನ್ನುತ್ತಾನೆ. ತೂಬು ಒಡೆದರೆ ನಾಳೆ ಠಾಣೆ, ನಾಡಿದ್ದು ಕೋರ್ಟು, ಎರಡು ಊರಿಗೂ ವೈರ. ಇದನ್ನು ಹೆಸರು, ಖರ್ಚಿನ ಸಮೇತ ಬರೆದು ನೋಡಿ. ಹುರಿದುಂಬಿಸುವವರೂ ಬರೆಯಲಿ.

ಕೊನೆಗೆ ಸೂತ್ರ ಹೇಳುವ ನಾಲ್ಕು ಭಾವಗಳು: ಸುಖಿಗಳ ಬಗ್ಗೆ ಮೈತ್ರಿ, ದುಃಖಿಗಳ ಬಗ್ಗೆ ಕರುಣೆ, ಒಳ್ಳೆಯವರ ಬಗ್ಗೆ ಮುದಿತೆ ಅಂದರೆ ಸಂತೋಷ, ತಪ್ಪು ಮಾಡಿದವರ ಬಗ್ಗೆ ಉಪೇಕ್ಷೆ. ಬೌದ್ಧರೂ ಇವನ್ನೇ ಬ್ರಹ್ಮವಿಹಾರಗಳೆಂದು ಅಭ್ಯಾಸ ಮಾಡುತ್ತಾರೆ. ಹೊಲ ಹಸಿರಾದವನ ಬಗ್ಗೆ ಮೈತ್ರಿ ಕಷ್ಟ; ಅದನ್ನೇ ಮೊದಲು ಅಭ್ಯಾಸ ಮಾಡಿ. ತಪ್ಪು ಮಾಡಿದವರ ಬಗ್ಗೆ ಉಪೇಕ್ಷೆ ಅಂದರೆ ಅನ್ಯಾಯ ನುಂಗುವುದಲ್ಲ. ನೀರಾವರಿ ಕಚೇರಿಗೆ ಮನವಿ ಕೊಡಿ, ಧರಣಿ ಕೂರಿ. ರಾತ್ರಿಯ ನಿದ್ದೆಗೆ ಮಾತ್ರ ಅವರನ್ನು ಕರೆತರಬೇಡಿ.

ಮಲಗಿದ ಸಿಟ್ಟು ಮುಂದಿನ ಹಂಗಾಮಿಗೆ ಏಳುತ್ತದೆ. ಆದ್ದರಿಂದ ಉಸಿರಿನ ಅಭ್ಯಾಸ ನೀರು ತುಂಬಿ ಹರಿಯುವ ದಿನಗಳಲ್ಲೂ ನಡೆಯಲಿ. ಎರಡು ವಾರ ನಿದ್ದೆ ಇಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸಾಯುವ ಯೋಚನೆ ಸುಳಿದರಂತೂ ಅಭ್ಯಾಸಕ್ಕೆ ಕಾಯದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.