ಕೃತಕ ಬುದ್ಧಿಮತ್ತೆ: ಪೇಟೆಯ ಅಭಿಪ್ರಾಯಗಳು ಹಾಗೂ ವರ್ತಕರ ಹೊಣೆಗಾರಿಕೆ

ಕೃತಕ ಬುದ್ಧಿಮತ್ತೆ ಎಂಬ ಪದವು ಈಗ ಬೆಂಗಳೂರು, ಪುಣೆಗಳಂತಹ ಮಹಾನಗರಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಿ, ಅಥಣಿಯ ಚಪ್ಪಲಿ ತಯಾರಕರಲ್ಲಿ, ಚಿಕ್ಕೋಡಿ, ರಾಯಬಾಗ ಮತ್ತು ಕಾಗವಾಡಗಳ ಅಂಗಡಿ-ಕಾರ್ಖಾನೆಗಳಲ್ಲಿ ಈ ಕುರಿತು ನಾಲ್ಕು ಬಗೆಯ ಮಾತುಗಳು ಕೇಳಿಬರುತ್ತಿವೆ. ಇದು ನಮಗೆ ಸಂಬಂಧಿಸಿದ್ದಲ್ಲ ಎಂಬುದು ಮೊದಲನೆಯದು. ಕೇಳಿದ್ದಕ್ಕೆಲ್ಲ ಇದು ಸರಿಯಾದ ಉತ್ತರ ಕೊಡುತ್ತದೆ ಎಂಬುದು ಎರಡನೆಯದು. ದಿವಾನಜಿಗಳ ಹಾಗೂ ಗುಮಾಸ್ತರ ಕೆಲಸಕ್ಕೆ ಕುತ್ತು ಬಂತು ಎಂಬುದು ಮೂರನೆಯದು. ಇದು ಮೋಸಗಾರರ ಕೈಗೆ ಸಿಕ್ಕ ಆಯುಧ ಎಂಬುದು ನಾಲ್ಕನೆಯದು. ಈ ನಾಲ್ಕರಲ್ಲಿಯೂ ಸತ್ಯಾಂಶವಿದೆ. ಯಾವುದೂ ಪೂರ್ಣ ಸತ್ಯವಲ್ಲ. ವರ್ತಕ ಬಾಂಧವರು ಇವುಗಳನ್ನು ತಮ್ಮ ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸಿ ನೋಡುವುದು ಅವಶ್ಯ.

ಯಂತ್ರವು ಮಾಡುವುದೇನು?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ನಂತರ ಜನಸಾಮಾನ್ಯರು ಕೃತಕ ಬುದ್ಧಿಮತ್ತೆ ಎಂದು ಕರೆಯುತ್ತಿರುವುದು ಬಹುಮಟ್ಟಿಗೆ ಇಂತಹ ಬರಹ ಯಂತ್ರಗಳನ್ನೇ. ಅಪಾರ ಪ್ರಮಾಣದ ಬರಹಗಳ ಆಧಾರದಿಂದ, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕ ಹಾಕಿ ವಾಕ್ಯ ಹೆಣೆಯುವಂತೆ ಇವುಗಳಿಗೆ ತರಬೇತಿ ನೀಡಲಾಗಿದೆ. ಆದ್ದರಿಂದಲೇ ಭಾಷೆ ಸರಾಗವಾಗಿರುತ್ತದೆ. ಆದರೆ ಭಾಷೆ ಸರಾಗವಾಗಿದ್ದ ಮಾತ್ರಕ್ಕೆ ವಿಷಯವು ಸತ್ಯವೆಂದು ತಿಳಿಯಬಾರದು. ಖಾತೆ ಪುಸ್ತಕ ತೆರೆದು ನೋಡಿ ಬಾಕಿ ಹೇಳುವ ಗುಮಾಸ್ತನಿಗೂ ನೆನಪಿನ ಮೇಲೆ ಅಂದಾಜಿನಿಂದ ಹೇಳುವವನಿಗೂ ಇರುವ ವ್ಯತ್ಯಾಸವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಸಂಬಂಧವಿಲ್ಲ ಎನ್ನುವಂತಿಲ್ಲ

ನಮ್ಮ ಐದೂ ತಾಲೂಕುಗಳ ವ್ಯಾಪಾರದಲ್ಲಿ ಕಬ್ಬಿನ ಹಣದ ಪಾತ್ರ ದೊಡ್ಡದು. ನೆರೆಯ ಮಹಾರಾಷ್ಟ್ರದ ಬಾರಾಮತಿಯ ಕೃಷಿ ವಿಜ್ಞಾನ ಕೇಂದ್ರವು ಮಣ್ಣಿನ ಸಂವೇದಕಗಳು, ಹವಾಮಾನ ಕೇಂದ್ರ ಹಾಗೂ ಉಪಗ್ರಹ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಗೆ ಜೋಡಿಸಿ ಕಬ್ಬಿಗೆ ನೀರು-ಗೊಬ್ಬರದ ಸಲಹೆ ಕೊಡುವ ಪ್ರಯೋಗವನ್ನು 2024ರಿಂದ ರೈತರ ಹೊಲಗಳಲ್ಲಿ ನಡೆಸಿದೆ. ಇಂತಹ ಪದ್ಧತಿ ಕೃಷ್ಣಾ ತೀರಕ್ಕೆ ಬಂದರೆ ಗೊಬ್ಬರದ ವ್ಯಾಪಾರದಿಂದ ಹಿಡಿದು ಸಕ್ಕರೆ ಕಾರ್ಖಾನೆಯ ಕಟಾವಿನ ವೇಳಾಪಟ್ಟಿಯವರೆಗೆ ಅದರ ಪರಿಣಾಮವಾಗುವುದು ಸಹಜ.

ಇನ್ನು ತೆರಿಗೆ ಇಲಾಖೆಗಳ ಗಣಕಯಂತ್ರಗಳು ನಮ್ಮ ವ್ಯವಹಾರವನ್ನು ಈಗಾಗಲೇ ಓದುತ್ತಿವೆ. ಜಿಎಸ್‌ಟಿಆರ್-1 ಹಾಗೂ ಜಿಎಸ್‌ಟಿಆರ್-3ಬಿ ನಡುವೆ ನಿಗದಿತ ಮಿತಿ ಮೀರಿದ ವ್ಯತ್ಯಾಸ ಕಂಡರೆ ನಿಯಮ 88ಸಿ ಅನ್ವಯ ಸೂಚನೆಯು ತಾನಾಗಿಯೇ ಬರುತ್ತದೆ. 7 ದಿನಗಳಲ್ಲಿ ತೆರಿಗೆ ಕಟ್ಟಬೇಕು ಇಲ್ಲವೆ ವಿವರಣೆ ಕೊಡಬೇಕು. ಇದು ಕೇವಲ ಅಂಕಿಗಳ ತಾಳೆಯೇ ಹೊರತು ಬುದ್ಧಿಮತ್ತೆಯಲ್ಲ. ಆದರೂ ಯಂತ್ರದ ಮಿತಿಯನ್ನು ತಿಳಿಯಲು ಒಂದು ನಿದರ್ಶನ ಸಾಕು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವರ್ತಕರಿಗೆ ನೋಟಿಸು ನೀಡಿದಾಗ, ಹಾಲು, ತರಕಾರಿಗಳಂತಹ ತೆರಿಗೆ ವಿನಾಯಿತಿಯ ವಸ್ತುಗಳನ್ನು ಮಾರುವವರಿಗೂ ಅವು ತಲುಪಿದವು. ಗಣಕಕ್ಕೆ ಜಮೆಯಾದ ಮೊತ್ತ ಕಂಡಿತ್ತು, ಮಾರಿದ ಸರಕು ಕಂಡಿರಲಿಲ್ಲ. ಅಂತಹ ಪ್ರಕರಣಗಳನ್ನು ಕೈಬಿಡುವುದಾಗಿ ಅದೇ ತಿಂಗಳು ಮುಖ್ಯಮಂತ್ರಿಗಳು ಪ್ರಕಟಿಸಬೇಕಾಯಿತು. ಸರಕು ಯಾವುದೆಂದು ತೋರಿಸುವ ಖರೀದಿ ಬಿಲ್ಲು, ದಾಸ್ತಾನು ಪುಸ್ತಕಗಳು ವರ್ತಕನ ಬಳಿ ಇರಬೇಕೆಂಬುದೇ ಇದರ ಪಾಠ.

ಎಲ್ಲವನ್ನೂ ಬಲ್ಲದು ಎಂಬ ಭ್ರಮೆ

ಅಥಣಿಯ ಚಪ್ಪಲಿ ತಯಾರಕರೊಬ್ಬರು ಜೋಡಿಗೆ ರೂ. 1,800 ಬೆಲೆಯ 200 ಜೋಡಿಗಳಿಗೆ ಬಿಲ್ಲು ಮಾಡುವ ಮುನ್ನ ತೆರಿಗೆ ದರವನ್ನು ಯಂತ್ರಕ್ಕೆ ಕೇಳಿದರೆಂದು ಭಾವಿಸೋಣ. 2022ರ ಜನವರಿ 1ರಿಂದ ಜೋಡಿಗೆ ರೂ. 1,000ದವರೆಗಿನ ಪಾದರಕ್ಷೆಗೆ ಶೇ. 12, ಅದಕ್ಕಿಂತ ಮೇಲಿನದಕ್ಕೆ ಶೇ. 18 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ರೂ. 2,500ರವರೆಗೆ ಶೇ. 5 ಆಯಿತು. ಹಳೆಯ ಬರಹಗಳ ಮೇಲೆಯೇ ತರಬೇತಿ ಪಡೆದ ಯಂತ್ರವು ಶೇ. 18 ಎಂದು ದೃಢವಾಗಿ ಹೇಳಬಲ್ಲದು. ಆಗ ಜೋಡಿಗೆ ರೂ. 90ರ ಬದಲು ರೂ. 324 ತೆರಿಗೆ ಬೀಳುತ್ತದೆ. 200 ಜೋಡಿಗೆ ವ್ಯತ್ಯಾಸ ರೂ. 46,800. ಗಿರಾಕಿ ಕೈಬಿಟ್ಟು ಹೋದರೆ ಒಂದು ನಷ್ಟ. ಆತ ಕೊಟ್ಟರೂ, ತೆರಿಗೆಯೆಂದು ವಸೂಲು ಮಾಡಿದ ಹಣವನ್ನು ಕಲಂ 76ರ ಅನ್ವಯ ಸರ್ಕಾರಕ್ಕೆ ಕಟ್ಟಲೇಬೇಕು. ಯಂತ್ರ ಹೇಳಿತೆಂಬ ಉತ್ತರವನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ.

ಇದೇ ರೀತಿ, 1961ರ ಆದಾಯ ತೆರಿಗೆ ಅಧಿನಿಯಮದ ಸ್ಥಾನದಲ್ಲಿ 2025ರ ಹೊಸ ಅಧಿನಿಯಮವನ್ನು 2026ರ ಏಪ್ರಿಲ್ 1ರಿಂದ ಅನ್ವಯಿಸಿ ತರಲಾಗಿದೆ. ಕಲಂಗಳ ಸಂಖ್ಯೆಗಳೇ ಬದಲಾಗಿರುವಾಗ, ಹಳೆಯ ಕಲಂ ಉಲ್ಲೇಖಿಸಿದ ಉತ್ತರವು ಎಷ್ಟೇ ಸುಂದರವಾಗಿದ್ದರೂ ಉಪಯೋಗಕ್ಕೆ ಬಾರದು.

ಈ ದೋಷಕ್ಕೆ ಸಾಮಾನ್ಯರಷ್ಟೇ ಒಳಗಾಗುತ್ತಾರೆಂದು ತಿಳಿಯಬಾರದು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು ಬಕ್ಐ ಟ್ರಸ್ಟ್ ಪ್ರಕರಣದಲ್ಲಿ 2024ರ ಡಿಸೆಂಬರ್‌ನಲ್ಲಿ ನೀಡಿದ ಆದೇಶದಲ್ಲಿ ಅಸ್ತಿತ್ವದಲ್ಲಿಯೇ ಇಲ್ಲದ ತೀರ್ಪುಗಳ ಉಲ್ಲೇಖ ಕಂಡುಬಂದು, ಆ ಆದೇಶವನ್ನು ಹಿಂಪಡೆಯಲಾಯಿತು. 2025ರ ಅಕ್ಟೋಬರ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದ ಕೆಎಂಜಿ ವೈರ್ಸ್ ಪ್ರಕರಣವು ತಯಾರಕರಿಗೂ ವರ್ತಕರಿಗೂ ಇನ್ನಷ್ಟು ಹತ್ತಿರದ್ದು. ರೂ. 3.09 ಕೋಟಿ ಆದಾಯ ಘೋಷಿಸಿದ್ದ ಕಂಪನಿಗೆ ಮುಖರಹಿತ ನಿರ್ಧರಣೆಯಲ್ಲಿ ರೂ. 27.91 ಕೋಟಿ ಆದಾಯವನ್ನು ನಿಗದಿಪಡಿಸಲಾಗಿತ್ತು. ಆದೇಶದಲ್ಲಿ ಆಧಾರವಾಗಿ ಉಲ್ಲೇಖಿಸಿದ್ದ ಮೂರು ತೀರ್ಪುಗಳು ಅಸ್ತಿತ್ವದಲ್ಲಿಯೇ ಇರಲಿಲ್ಲ. ಸರಕು ಪೂರೈಸಿದವರು ದಾಖಲೆಗಳನ್ನು ಸಲ್ಲಿಸಿದ್ದರೂ ಅವನ್ನು ಪರಿಗಣಿಸಿರಲಿಲ್ಲ. ಗಣಕವು ಒದಗಿಸಿದ ಫಲಿತಾಂಶವನ್ನು ಪರಿಶೀಲಿಸದೆ ಕಣ್ಣುಮುಚ್ಚಿ ನಂಬಬಾರದೆಂದು ಹೇಳಿ ನ್ಯಾಯಾಲಯವು ಆದೇಶವನ್ನು ರದ್ದುಪಡಿಸಿ, ಹೊಸ ವಿಚಾರಣೆಗೆ ಮರಳಿಸಿತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ನಮ್ಮ ವಿರುದ್ಧದ ಆದೇಶದಲ್ಲಿರುವ ತೀರ್ಪುಗಳನ್ನೂ ಮೂಲದಲ್ಲಿ ಹುಡುಕಿ ನೋಡಬೇಕು. ಅಲ್ಲದೆ ವ್ಯವಹಾರ ನಿಜವೆಂದು ಸಿದ್ಧಪಡಿಸುವ ಬಿಲ್ಲು, ಇ-ವೇ ಬಿಲ್ಲು, ಸಾಗಣೆ ರಸೀದಿಗಳು ಕೈಯಲ್ಲಿ ಇರಬೇಕು.

ಕೆಲಸಗಳ ಪ್ರಶ್ನೆ

ನಿಪ್ಪಾಣಿಯ ಬೀಡಿ ಕಟ್ಟುವ ಕೈಗಳ, ಅಥಣಿಯಲ್ಲಿ ತೊಗಲು ಹೆಣೆಯುವ ಕೈಗಳ ಕೆಲಸವನ್ನು ಬರಹ ಯಂತ್ರವು ಮಾಡಲಾರದು. ಅದರ ಪ್ರಭಾವ ಮೊದಲು ತಟ್ಟುವುದು ಕಾಗದದ ಕೆಲಸಕ್ಕೆ. ಕೈಬರಹದ ಕಿರ್ದಿ-ಖಾತೆ ಹೋಗಿ ಟ್ಯಾಲಿ ಬಂದಾಗಲೂ ದಿವಾನಜಿಗಳ ಯುಗ ಮುಗಿಯಿತೆಂಬ ಮಾತಿತ್ತು. ವ್ಯವಹಾರ ಬಲ್ಲವರು ಗಣಕ ಕಲಿತು ಉಳಿದರು. ಕೇವಲ ಕೂಡುವ-ಕಳೆಯುವ ಕೆಲಸ ಕಡಿಮೆಯಾಯಿತು. ಈಗಲೂ ಬಿಲ್ಲಿನ ಅಂಕಿಗಳನ್ನು ತುಂಬುವುದನ್ನಷ್ಟೇ ಬಲ್ಲ ಯುವಕ-ಯುವತಿಯರಿಗೆ ಕಷ್ಟವಿದೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಬಿ.ಕಾಂ. ಮುಗಿಸಿದವರು ಬಿಲ್ಲು-ವೋಚರು ನೋಡುತ್ತಲೇ ಲೆಕ್ಕ ಕಲಿಯುತ್ತಾರೆ. ಆ ಮೊದಲ ಮೆಟ್ಟಿಲನ್ನೇ ತೆಗೆದುಹಾಕಿದರೆ, ಹತ್ತು ವರ್ಷಗಳ ನಂತರ ಯಂತ್ರದ ತಪ್ಪನ್ನು ಹಿಡಿಯುವವರು ನಮ್ಮ ಅಂಗಡಿಗಳಲ್ಲಿ ಯಾರಿರುತ್ತಾರೆ? ಉಳಿತಾಯದ ಆಸೆಯಿಂದ ಗುಮಾಸ್ತರನ್ನು ಬಿಡಿಸುವ ಮುನ್ನ ಮಾಲೀಕರು ಈ ಪ್ರಶ್ನೆಯನ್ನು ಯೋಚಿಸುವುದು ಒಳ್ಳೆಯದು. ಅವರನ್ನು ಪರಿಶೀಲನೆಯ ಕೆಲಸಕ್ಕೆ ತಯಾರು ಮಾಡುವುದೇ ಲಾಭದಾಯಕ.

ಮೋಸದ ಭಯ

ಈ ಭಯ ನಿರಾಧಾರವಲ್ಲ. 2024ರಲ್ಲಿ ಅರೂಪ್ ಎಂಬ ಬ್ರಿಟಿಷ್ ಇಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು, ವಿಡಿಯೋ ಕರೆಯಲ್ಲಿ ಕಂಡ ಮೇಲಧಿಕಾರಿಗಳ ನಕಲಿ ರೂಪವನ್ನು ನಂಬಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರುಗಳನ್ನು ವರ್ಗಾಯಿಸಿದ ಪ್ರಕರಣ ಬೆಳಕಿಗೆ ಬಂತು. ನಮ್ಮ ಇನ್ಫೋಸಿಸ್‌ನ ನಾರಾಯಣಮೂರ್ತಿಯವರ ನಕಲಿ ವಿಡಿಯೋಗಳು ಹರಡಿ, ಅವನ್ನು ನಂಬಬಾರದೆಂದು ಸ್ವತಃ ಅವರೇ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಬೇಕಾಯಿತು. ನಮ್ಮ ಪೇಟೆಗಳಲ್ಲಿ ಮಾತಿನ ಮೇಲೆಯೇ ಲಕ್ಷಗಟ್ಟಲೆ ವ್ಯವಹಾರ ನಡೆಯುತ್ತದೆ. ಧ್ವನಿಯನ್ನೇ ನಕಲು ಮಾಡಬಹುದಾದ ಕಾಲದಲ್ಲಿ, ಪರಿಚಿತ ದನಿ ಕೇಳಿದ ಮಾತ್ರಕ್ಕೆ ಹಣ ಕಳಿಸುವ ರೂಢಿಯನ್ನು ಬಿಡಲೇಬೇಕು.

ಪಾಲಿಸಬೇಕಾದ ಕ್ರಮಗಳು

1. ಯಂತ್ರಕ್ಕೆ ಕರಡಿನ ಕೆಲಸವನ್ನು ಧಾರಾಳವಾಗಿ ಒಪ್ಪಿಸಬಹುದು. ಕೊಲ್ಲಾಪುರ, ಇಚಲಕರಂಜಿಗಳಿಂದ ಬರುವ ಮರಾಠಿ ಪತ್ರಗಳ ಅನುವಾದ, ಬಾಕಿದಾರರಿಗೆ ಜ್ಞಾಪನ ಪತ್ರ, ನೋಟಿಸಿನ ಇಂಗ್ಲಿಷಿನ ಸರಳ ಅರ್ಥ ಇವೆಲ್ಲ ಗಂಟೆಗಳ ಶ್ರಮವನ್ನು ಉಳಿಸುತ್ತವೆ. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಬರಬೇಕಾದ ಹಣಕ್ಕೆ 2006ರ ಅಧಿನಿಯಮದಲ್ಲಿ ಗರಿಷ್ಠ 45 ದಿನಗಳ ಮಿತಿ ಇದೆ. ಅಂತಹ ಪತ್ರದ ಕರಡನ್ನು ಪಡೆಯಬಹುದು.

2. ದರ, ಕಲಂ, ಕೊನೆಯ ದಿನಾಂಕ ಮತ್ತು ತೀರ್ಪು, ಈ ನಾಲ್ಕನ್ನು ಇಲಾಖೆಯ ಅಧಿಸೂಚನೆಯಲ್ಲಿ ಅಥವಾ ನ್ಯಾಯಾಲಯದ ಜಾಲತಾಣದಲ್ಲಿ ನೋಡದೆ ಬಳಸಬಾರದು.

3. ಪ್ಯಾನ್, ಆಧಾರ್, ಬ್ಯಾಂಕ್ ವಿವರ, ಗಿರಾಕಿಗಳ ಪಟ್ಟಿಗಳನ್ನು ಇಂತಹ ಯಂತ್ರಗಳಿಗೆ ಒದಗಿಸಬಾರದು. ಕೇಂದ್ರ ಹಣಕಾಸು ಸಚಿವಾಲಯವೇ 2025ರ ಜನವರಿಯಲ್ಲಿ ಕಚೇರಿಯ ಗಣಕಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ಗಳಂತಹ ಸಾಧನಗಳನ್ನು ಬಳಸದಂತೆ ತನ್ನ ಸಿಬ್ಬಂದಿಗೆ ಸೂಚಿಸಿತ್ತು.

4. ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಸಂದೇಶ ಅಥವಾ ಕರೆ ಬಂದರೆ, ನಮ್ಮ ಪುಸ್ತಕದಲ್ಲಿರುವ ಹಳೆಯ ಸಂಖ್ಯೆಗೆ ನಾವೇ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಮೋಸವಾದರೆ ತಡಮಾಡದೆ 1930ಕ್ಕೆ ತಿಳಿಸಬೇಕು.

5. ಇಲಾಖೆಗೆ ಹೋಗುವ ಪ್ರತಿಯೊಂದು ಉತ್ತರವನ್ನು ಸಹಿ ಮಾಡುವವರು ಪೂರ್ಣವಾಗಿ ಓದಬೇಕು. ಅರ್ಥವಾಗದ ವಾಕ್ಯವನ್ನು ಉಳಿಸಬಾರದು.

ಒಟ್ಟಿನಲ್ಲಿ ಕೃತಕ ಬುದ್ಧಿಮತ್ತೆಯನ್ನು ದೂರವಿಡುವುದೂ ಸಾಧುವಲ್ಲ, ತಲೆಯ ಮೇಲೆ ಹೊರುವುದೂ ಸಾಧುವಲ್ಲ. ಲೆಕ್ಕಶಾಸ್ತ್ರದ ಮೊದಲ ಪಾಠವೆಂದರೆ ವೋಚರ್ ಇಲ್ಲದೆ ಜಮಾ-ಖರ್ಚು ಬರೆಯಬಾರದು ಎಂಬುದು. ಯಂತ್ರದ ಉತ್ತರವು ವೋಚರ್ ಅಲ್ಲ. ವೋಚರ್ ಎಲ್ಲಿ ಹುಡುಕಬೇಕೆಂಬ ಸೂಚನೆ ಮಾತ್ರ. ಯಂತ್ರಕ್ಕೆ ಜಿಎಸ್‌ಟಿ ನೋಂದಣಿ ಸಂಖ್ಯೆ ಇಲ್ಲ, ದಂಡ ಕಟ್ಟುವ ಹೊಣೆಯೂ ಇಲ್ಲ. ಅವೆರಡೂ ಸಹಿ ಮಾಡಿದ ವರ್ತಕನವೇ ಆಗಿರುವವರೆಗೆ ಕೊನೆಯ ಪರಿಶೀಲನೆಯೂ ಅವನದೇ ಆಗಿರಬೇಕು.