ಸೆಕೆಯ ಕೋಣೆಯಲ್ಲಿ ಯೋಗಾಭ್ಯಾಸ: ಸೊಂಟದ ರಕ್ಷಣೆಯ ಕ್ರಮ

ಬಿಕ್ರಂ ಚೌಧುರಿಯವರು 1970ರ ದಶಕದಲ್ಲಿ ಅಮೆರಿಕದಲ್ಲಿ ಪ್ರಚುರಪಡಿಸಿದ ‘ಹಾಟ್ ಯೋಗ’ ಪದ್ಧತಿಯಲ್ಲಿ, ಸುಮಾರು 40 ಡಿಗ್ರಿ ಸೆಲ್ಸಿಯಸ್ ತಾಪವುಳ್ಳ ಕೋಣೆಯೊಳಗೆ 90 ನಿಮಿಷಗಳ ಕಾಲ ಅಭ್ಯಾಸ ನಡೆಯುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಇಷ್ಟು ತಾಪಕ್ಕೆ ಯಂತ್ರಸಾಧನವೇ ಬೇಕಿಲ್ಲ. ಚೈತ್ರ ವೈಶಾಖಗಳಲ್ಲಿ ಶೀಟು ಹೊದಿಸಿದ ಮಹಡಿಯ ಕಿಟಕಿಗಳನ್ನು ಮುಚ್ಚಿ, ಬೆವರು ಹರಿದಷ್ಟೂ ಫಲ ಹೆಚ್ಚೆಂದು ನಂಬಿ ಆಸನಗಳಲ್ಲಿ ತೊಡಗಿದರೆ ಹಾಟ್ ಯೋಗದ ಅಪಾಯವೇ ಇಲ್ಲಿಯೂ ಇರುತ್ತದೆ.

ಶಾಖದಿಂದ ಸ್ನಾಯುಗಳು ಮೃದುವಾಗುವುದರ ಜೊತೆಗೆ, ‘ಇನ್ನು ಸಾಕು’ ಎಂದು ಎಚ್ಚರಿಸುವ ಬಿಗಿತವೂ ಮಂದವಾಗುತ್ತದೆ. ನಿನ್ನೆ ಮೊಣಕಾಲನ್ನು ದಾಟದ ಕೈ ಇಂದು ಪಾದವನ್ನು ಮುಟ್ಟಿದಾಗ ಪ್ರಗತಿಯೆಂದು ಹಿಗ್ಗುವುದು ಸಹಜವೇ. ಆದರೆ ಆ ಹೆಚ್ಚಿನ ಬಾಗು ತೊಡೆಯ ಹಿಂಭಾಗದ ಸ್ನಾಯುಗಳಿಂದ ಬಾರದೆ ಸೊಂಟದ ಐದು ಕಶೇರುಕಗಳ ನಡುವಿನಿಂದ ಬಂದಿದ್ದರೆ, ಅಲ್ಲಿನ ಡಿಸ್ಕಿನ ತಿರುಳು ಹಿಂದಕ್ಕೆ ಒತ್ತಲ್ಪಟ್ಟು, ಕಾಲಿಗಿಳಿಯುವ ನರವನ್ನು ಪೀಡಿಸಬಹುದು. ಚೆಂಡುಹೂ ಬಿಡಿಸುತ್ತಲೋ ಅರಿಸಿನ ಆಯುತ್ತಲೋ ದಿನವೆಲ್ಲ ಬಗ್ಗಿ ದುಡಿದ ಬೆನ್ನಿಗೆ ಮುಂಬಾಗುವ ಆಸನಗಳ ಅಗತ್ಯವೇ ಕಡಿಮೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಥಮತಃ ಕಿಟಕಿಗಳನ್ನು ತೆರೆಯಿರಿ. ಹಾಸಿಗೆಯಿಂದೆದ್ದೊಡನೆ ಚಾಪೆಗಿಳಿಯಬೇಡಿ, ರಾತ್ರಿಯ ವಿಶ್ರಾಂತಿಯಲ್ಲಿ ನೀರು ಹೀರಿ ಉಬ್ಬಿರುವ ಡಿಸ್ಕುಗಳು ಬಾಗುವಿಕೆಯ ಒತ್ತಡವನ್ನು ಆಗ ಸುಲಭವಾಗಿ ತಾಳಲಾರವು. ಒಂದು ಗಂಟೆಯಾದರೂ ನಡೆದಾಡಿ, ನೀರು ಕುಡಿದು, ಅನಂತರ ಆರಂಭಿಸಿರಿ.

ನಿಂತು ಮುಂದಕ್ಕೆ ಬಾಗುವ ಪಾದಹಸ್ತಾಸನದಲ್ಲಿ ಮೊಣಕಾಲುಗಳನ್ನು ತುಸು ಮಡಿಸಿ, ತೊಡೆಯ ಸಂದಿನಿಂದಲೇ ಬಾಗತಕ್ಕದ್ದು. ಒಂದು ಅಂಗೈಯನ್ನು ಸೊಂಟದ ಮೇಲಿರಿಸಿಕೊಂಡರೆ, ಸೊಂಟ ಗೂನಾಗಿ ಉಬ್ಬತೊಡಗಿದ ಕ್ಷಣ ಕೈಗೆ ತಿಳಿಯುತ್ತದೆ. ಅಂದಿನ ಮಿತಿ ಅಲ್ಲಿಗೇ. ಮಂಡಿಯೂರಿ ಹಿಂದಕ್ಕೆ ಬಾಗುವ ಉಷ್ಟ್ರಾಸನದಲ್ಲಿ ಹಿಮ್ಮಡಿಯನ್ನು ಹಿಡಿಯುವ ಆತುರ ಬೇಡ. ಕೈಗಳನ್ನು ಸೊಂಟಕ್ಕೆ ಆನಿಸಿ, ಮೊದಲು ಎದೆಯನ್ನು ಮೇಲೆತ್ತಿ, ಬಳಿಕ ಅಲ್ಪವಾಗಿ ಹಿಂದಕ್ಕೆ ಬಾಗಿದರೆ ಸಾಕು. ಆಸನ ಯಾವುದೇ ಇರಲಿ, ಉಸಿರನ್ನು ಗಮನಿಸಿ. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ಪಾಠ ಹೇಳಿದ ತಿರುಮಲೈ ಕೃಷ್ಣಮಾಚಾರ್ಯರ ಪರಂಪರೆಯು ಆಸನದಷ್ಟೇ ಉಸಿರಿಗೂ ಪ್ರಾಧಾನ್ಯವಿತ್ತಿತು. ಸೆಕೆಯಲ್ಲಿ ಬಿಗಿತದ ಸೂಚನೆ ನಂಬಲರ್ಹವಲ್ಲದಿರುವುದರಿಂದ, ಉಸಿರು ತುಂಡಾದಲ್ಲಿ ಆಸನವನ್ನು ಬಿಡುವುದೇ ಯುಕ್ತ.

ಯಾರಿಗೂ ಬೆನ್ನಿನ ಮೇಲೆ ಭಾರ ಹಾಕಿ ಅದುಮಲು ಅವಕಾಶ ಕೊಡಬೇಡಿ. ‘ಸಾಕು ಗುರುಗಳೇ, ಒತ್ತಬೇಡಿ’ ಎನ್ನುವುದು ಅವಿನಯವಲ್ಲ. ಶವಾಸನದಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಕೈಯೂರಿ ಏಳಿ.

ಸೊಂಟ ‘ಹಿಡಿದುಕೊಂಡರೆ’ ಅಭ್ಯಾಸವನ್ನು ನಿಲ್ಲಿಸಿ, ಆದರೆ ದಿನಗಟ್ಟಲೆ ಹಾಸಿಗೆ ಹಿಡಿಯದೆ ನಿಧಾನವಾಗಿ ಓಡಾಡಿಕೊಂಡಿರಿ. ನೋವು ಮೊಣಕಾಲಿನ ಕೆಳಗಿಳಿದು ಕಾಡಿದರೆ ವೈದ್ಯರಿಗೆ ತೋರಿಸತಕ್ಕದ್ದು. ತೊಡೆಗಳ ನಡುವೆ ಸ್ಪರ್ಶ ತಿಳಿಯದಂತಾದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಇಲ್ಲವೇ ಪಾದ ಎತ್ತಲಾಗದಿದ್ದರೆ, ತೈಲ ತಿಕ್ಕಿಸುವುದರಲ್ಲಾಗಲಿ ನೆಟಿಗೆ ತೆಗೆಸುವುದರಲ್ಲಾಗಲಿ ಹೊತ್ತು ಕಳೆಯದೆ, ರಾತ್ರಿಯಾಗಿದ್ದರೂ ಸರಿ, ಚಾಮರಾಜನಗರದ ಅಥವಾ ಮೈಸೂರಿನ ದೊಡ್ಡ ಆಸ್ಪತ್ರೆಗೆ ಆ ಕೂಡಲೇ ಹೊರಡಿರಿ.