ಬಸುರಿ, ಬಾಣಂತಿ, ಕೂಸು: ಗಬ್ಬೂರು ಸೀಮೆಯ ಪತ್ರಗಳಿಗೆ ಉತ್ತರ

ಈ ಸಲ ಆಯ್ದುಕೊಂಡ ಪತ್ರಗಳೆಲ್ಲ ರಾಯಚೂರು, ದೇವದುರ್ಗ, ಮಾನ್ವಿ ಕಡೆಯವು. ಬರೆದವರ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಗೌಂಡಿ ಕೆಲಸಕ್ಕಿದ್ದೇನೆ. ಹೆಂಡತಿ ಊರಲ್ಲಿದ್ದಾಳೆ, ಆರನೇ ತಿಂಗಳು. ತಾಯಿ ಕಾರ್ಡಿನಲ್ಲಿ ರಕ್ತ 8.2 ಎಂದು ಬರೆದಿದ್ದಾರೆ. ಆಶಾ ಅಕ್ಕ ಕೊಟ್ಟ ಗುಳಿಗಿ ನುಂಗಿದರೆ ವಾಂತಿ, ಸಂಡಾಸು ಕಪ್ಪು. ಗುಳಿಗಿಯಿಂದ ಕೂಸು ಕಪ್ಪಾಗುತ್ತದೆ, ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ನಮ್ಮವ್ವ ನಿಲ್ಲಿಸಿದ್ದಾಳೆ. ಬೀಟ್‌ರೂಟು, ದಾಳಿಂಬೆ ಕೊಟ್ಟರೆ ಸಾಲದೇ? (ಗಬ್ಬೂರು)

ಉತ್ತರ: ಸಾಲದು. ಬೀಟ್‌ರೂಟಿನ ಬಣ್ಣ ಕೆಂಪು, ಅಷ್ಟೇ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ. ಆಶಾ ಕೊಟ್ಟ ಒಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಇದೆ. ನಿಮ್ಮ ಕಡೆಯ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ, ಸೊಪ್ಪು, ತಿನ್ನುವವರಾದರೆ ಮೊಟ್ಟೆ ಬೀಟ್‌ರೂಟಿಗಿಂತ ಎಷ್ಟೋ ಮೇಲು. ಅವನ್ನು ಧಾರಾಳವಾಗಿ ಕೊಡಿ. ಆದರೆ 8.2ಕ್ಕೆ ಇಳಿದ ರಕ್ತವನ್ನು ಉಳಿದ ಮೂರು ತಿಂಗಳಲ್ಲಿ ಮೇಲೆತ್ತುವ ಶಕ್ತಿ ಊಟವೊಂದಕ್ಕೇ ಇಲ್ಲ.

ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಇದಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಎಲ್ಲ ಸರಿಯಿರುವ ಹೆರಿಗೆಯಲ್ಲೂ ಅರ್ಧ ಲೀಟರಿನವರೆಗೆ ರಕ್ತ ಹೋಗಬಹುದು. 11 ಇರುವವಳು ಅದನ್ನು ತಡೆದುಕೊಳ್ಳುತ್ತಾಳೆ. 7–8 ಇರುವವಳಿಗೆ ಸ್ವಲ್ಪ ಹೆಚ್ಚು ರಕ್ತ ಹೋದರೂ ಹೃದಯಕ್ಕೆ ಏಟು ಬೀಳುತ್ತದೆ, ರಕ್ತನಿಧಿ ಇರುವ ಊರಿಗೆ ಓಡಬೇಕಾಗುತ್ತದೆ. ರಾತ್ರಿ ಎರಡು ಗಂಟೆಗೆ ಆ ದಾರಿ ಎಷ್ಟು ಉದ್ದ ಎಂಬುದು ಗಬ್ಬೂರಿನವರಾದ ನಿಮಗೇ ಗೊತ್ತು.

ಸಂಡಾಸು ಕಪ್ಪಾಗುವುದು ಕರುಳು ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ. ಅದರಿಂದ ಏನೂ ಕೆಡುಕಿಲ್ಲ. ಕೂಸಿನ ಬಣ್ಣ ತಂದೆ ತಾಯಿಯಿಂದ ಬರುತ್ತದೆ, ಗುಳಿಗೆಯಿಂದಲ್ಲ. ತಾಯಿಗೆ ರಕ್ತ ಕಡಿಮೆಯಾದರೆ ಕೂಸು ತೂಕವಿಲ್ಲದೆ, ತಿಂಗಳು ತುಂಬದೆ ಹುಟ್ಟುವ ಭಯ ಹೆಚ್ಚು. ದೊಡ್ಡ ಕೂಸಿನ ಚಿಂತೆ ಬಿಡಿ, ಸಣ್ಣ ಕೂಸಿನ ಚಿಂತೆ ಮಾಡಿ. ಇದನ್ನು ನಿಮ್ಮವ್ವನಿಗೆ ಫೋನಿನಲ್ಲಿ ನೀವೇ ಹೇಳಬೇಕು. ಸೊಸೆ ಹೇಳಿದರೆ ಎದುರು ಮಾತಾಗುತ್ತದೆ, ಮಗ ಹೇಳಿದರೆ ಕೇಳುತ್ತಾರೆ.

8.2 ಇರುವವರಿಗೆ ದಿನಕ್ಕೆ ಎರಡು ಗುಳಿಗೆ ಎಂಬುದು ಸರ್ಕಾರದ ನಿಯಮ. ವಾಂತಿಯಾಗುವವರು ಖಾಲಿ ಹೊಟ್ಟೆಯಲ್ಲಿ ನುಂಗದೆ ಊಟವಾದ ಮೇಲೆ, ಒಂದನ್ನು ರಾತ್ರಿ ಮಲಗುವ ಹೊತ್ತಿಗೆ ತಗೊಳ್ಳಲಿ. ಜೊತೆಗೆ ಲಿಂಬೆ ಹಿಂಡಿದ ನೀರು ಒಳ್ಳೆಯದು. ಚಹಾ ಮಾತ್ರ ಬೇಡ. ಗುಳಿಗೆಯ ಹಿಂದೆ ಮುಂದೆ ಒಂದು ತಾಸು ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನೂ ಇದರ ಜೊತೆ ನುಂಗಬಾರದು, ಎರಡು ತಾಸು ಅಂತರವಿರಲಿ. ಜಂತುಹುಳದ ಗುಳಿಗೆ ಕೊಟ್ಟಿಲ್ಲವಾದರೆ ಕೇಳಿ ಪಡೆಯಲಿ. ಒಂದು ತಿಂಗಳ ನಂತರ ರಕ್ತ ಪರೀಕ್ಷೆಯಲ್ಲಿ 1 ಗ್ರಾಮಾದರೂ ಏರಿರಬೇಕು. ಏರದಿದ್ದರೆ ನರಕ್ಕೆ ಹಾಕುವ ಕಬ್ಬಿಣದ ಇಂಜೆಕ್ಷನ್ ಇದೆ. ಅದನ್ನು ಹೆರಿಗೆ ಹತ್ತಿರ ಬರುವವರೆಗೆ ತಳ್ಳಬೇಡಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಬಸುರಿಯರನ್ನು ಉಚಿತವಾಗಿ ನೋಡುವ ದಿನ. ಆವತ್ತು ಹೋಗಲಿ.

ಗುಳೆ ಹೋಗುವ ಎಲ್ಲರಿಗೂ ಒಂದು ಮಾತು: ಹೆಂಡತಿಯನ್ನು ಬೆಂಗಳೂರಿಗೆ ಕರೆಸಿಕೊಳ್ಳುವುದಾದರೆ ತಾಯಿ ಕಾರ್ಡು ಗಂಟಿನಲ್ಲಿರಲಿ. ಅಲ್ಲಿನ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರೂ ಹಿಂದಿನ ಲೆಕ್ಕ ಸಿಗುತ್ತದೆ.

ಪ್ರಶ್ನೆ: ತಂಗಿಗೆ ಏಳು ತಿಂಗಳು ತುಂಬಿದೆ. ಕಾಲು, ಮುಖ ಬಾತಿವೆ. ಬಿ.ಪಿ. 150/100 ಬಂದಿದೆ. ಎರಡು ದಿನದಿಂದ ತಲೆನೋವು. ಬರುವ ಸೋಮವಾರ ಕುಬುಸ ಇಟ್ಟುಕೊಂಡಿದ್ದೇವೆ, ಬೀಗರೆಲ್ಲ ಬರುತ್ತಾರೆ. ಉಪ್ಪು ಬಿಡಿಸಿದ್ದೇವೆ. ಕುಬುಸ ಮುಗಿಸಿಕೊಂಡು ದವಾಖಾನಿಗೆ ತೋರಿಸಿದರೆ ನಡೆದೀತೇ? (ದೇವದುರ್ಗ)

ಉತ್ತರ: ನಡೆಯುವುದಿಲ್ಲ. ಈ ಪತ್ರಕ್ಕೆ ಪತ್ರಿಕೆ ಬರುವವರೆಗೆ ಕಾಯದೆ ಉತ್ತರ ಕಳಿಸಿದ್ದೇನೆ. ಇಲ್ಲಿ ಅಚ್ಚು ಮಾಡುತ್ತಿರುವುದು ಉಳಿದವರಿಗಾಗಿ.

ಕಾಲು ಬಾವು ಎಷ್ಟೋ ಬಸುರಿಯರಿಗೆ ಬರುತ್ತದೆ, ಅದೊಂದೇ ಆದರೆ ಹೆದರಿಕೆಯಿಲ್ಲ. ಆದರೆ ಬಿ.ಪಿ. 140/90 ದಾಟಿ, ಮುಖ ಬಾತು, ತಲೆನೋವು ನಿಲ್ಲದಿದ್ದರೆ ಅದು ಬಸಿರಿನ ರಕ್ತದೊತ್ತಡದ ಕಾಯಿಲೆ. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂದು ಅದೇ ದಿನ ನೋಡಬೇಕು. ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಮೂತ್ರ ಕಡಿಮೆಯಾಗುವುದು ಬಂದರೆ ಮುಂದಿನ ಹೆಜ್ಜೆ ಮೂರ್ಛೆ. ಆ ಮೂರ್ಛೆಯನ್ನು ಗಾಳಿ ಸೋಕಿದೆ ಎಂದು ಲಿಂಬೆಹಣ್ಣು ಇಳಿಸುತ್ತ ಕೂತ ಮನೆಗಳಿವೆ. ಅದನ್ನು ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿದೆ, ಆದರೆ ಹೊತ್ತಿಗೆ ಸರಿಯಾಗಿ ಅಲ್ಲಿ ಇರಬೇಕು. ಉಪ್ಪು ಬಿಡಿಸುವುದರಿಂದ ಈ ಕಾಯಿಲೆ ಇಳಿಯುವುದಿಲ್ಲ.

108ಕ್ಕೆ ಕರೆ ಮಾಡಿ ತಜ್ಞರೂ ಸಣ್ಣ ಕೂಸುಗಳ ಘಟಕವೂ ಇರುವ ಆಸ್ಪತ್ರೆಗೆ, ನಿಮ್ಮ ಜಿಲ್ಲೆಯಲ್ಲಾದರೆ ರಾಯಚೂರಿನ ರಿಮ್ಸ್‌ಗೆ, ನೇರ ಹೋಗಬೇಕು. ಕೂಸನ್ನು ಬೇಗ ಹೊರತೆಗೆಯಬೇಕಾಗಿ ಬಂದರೆ ಅದರ ಶ್ವಾಸಕೋಶ ಬಲಿಯಲೆಂದು ತಾಯಿಗೆ ಮೊದಲೇ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೂ ಒಂದೆರಡು ದಿನ ಬೇಕು. ಹಸಿರು ಬಳೆಯನ್ನು ಆಸ್ಪತ್ರೆಯ ಮಂಚದ ಮೇಲೂ ತೊಡಿಸಬಹುದು. ಬೀಗರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಹೆರಿಗೆಯಾದ ಮೇಲೂ ಕೆಲವು ವಾರ ಬಿ.ಪಿ. ನೋಡುತ್ತಿರಬೇಕು, ಮುಂದಿನ ಬಸಿರಿನಲ್ಲಿ ಮೂರು ತಿಂಗಳಿಗೇ ವೈದ್ಯರಿಗೆ ಈ ವಿಷಯ ಹೇಳಬೇಕು.

ಪ್ರಶ್ನೆ: ಬಳ್ಳಾರಿಯಲ್ಲಿ ಬಾಣಂತಿಯರು ಸತ್ತ ಸುದ್ದಿ ಓದಿದಾಗಿನಿಂದ ಸರ್ಕಾರಿ ಆಸ್ಪತ್ರೆ ಎಂದರೆ ಭಯ. ಅನುಭವಿ ಸೂಲಗಿತ್ತಿ ನಮ್ಮ ಓಣಿಯಲ್ಲೇ ಇದ್ದಾರೆ. (ರಾಯಚೂರು)

ಉತ್ತರ: ನಿಮ್ಮ ಭಯ ಸುಳ್ಳಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಹಾಕಿದ ದ್ರಾವಣದ ಮೇಲೆ ಅನುಮಾನ ಬಂದು, ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆಯನ್ನೇ ನಿಲ್ಲಿಸಿತು. ಔಷಧ ಕೊಳ್ಳುವಲ್ಲಿ ಅಂಥ ಲೋಪಕ್ಕೆ ಜನ ಸಿಟ್ಟಾಗುವುದು ನ್ಯಾಯ. ಆದರೆ ಆ ಸಿಟ್ಟಿನಲ್ಲಿ ಮನೆ ಹೆರಿಗೆಗೆ ತಿರುಗಿದರೆ ಕಳೆದುಕೊಳ್ಳುವವರು ನೀವೇ. ರಕ್ತಸ್ರಾವ ಶುರುವಾದರೆ ಎಷ್ಟು ಅನುಭವಿ ಸೂಲಗಿತ್ತಿಯ ಕೈಯಲ್ಲೂ ರಕ್ತದ ಬಾಟಲಿ ಇರುವುದಿಲ್ಲ. ಆಕೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ನೋವು ತಿನ್ನುವವಳ ಬೆನ್ನು ತಿಕ್ಕಲು, ಧೈರ್ಯ ಹೇಳಲು ಆಕೆಗಿಂತ ಬೇರೆ ಯಾರು ಬೇಕು?

ಸಹಜ ಹೆರಿಗೆಯಾದರೂ 48 ತಾಸು ಆಸ್ಪತ್ರೆಯಲ್ಲೇ ಉಳಿಯಿರಿ. ಒಂದು ತಾಸಿನಲ್ಲಿ ಪ್ಯಾಡು ಪೂರ್ತಿ ನೆನೆದರೆ, ಮೂತ್ರ ಇಳಿಯದಿದ್ದರೆ, ಜ್ವರ ಚಳಿ ಬಂದರೆ, ಉಸಿರು ಕಟ್ಟಿದರೆ ನರ್ಸ್‌ ಬರುವವರೆಗೆ ಕಾಯದೆ ಜೊತೆಗಿದ್ದವರು ಎದ್ದು ಹೋಗಿ ಕರೆಯಲಿ. ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 2011ರಿಂದ ಅದು ನಿಮ್ಮ ಹಕ್ಕು. ಯಾರಾದರೂ ಕೈ ಚಾಚಿದರೆ ಕೊಡಬೇಕಿಲ್ಲ.

ಪ್ರಶ್ನೆ: ನಮ್ಮ ಕಡೆ ಝೀಕಾ ಬಂದಿತ್ತಲ್ಲ, ಈಗ ಮೂರು ತಿಂಗಳ ಬಸುರಿ ನಾನು. ಹೆದರಬೇಕೇ? (ಮಾನ್ವಿ)

ಉತ್ತರ: ರಾಜ್ಯದ ಮೊದಲ ಝೀಕಾ ಪ್ರಕರಣ 2022ರ ಡಿಸೆಂಬರಿನಲ್ಲಿ ನಿಮ್ಮ ಜಿಲ್ಲೆಯ 5 ವರ್ಷದ ಹುಡುಗಿಯಲ್ಲೇ ಕಂಡದ್ದು ನಿಜ. ಬಸಿರಿನಲ್ಲಿ ಅದು ತಗುಲಿದರೆ ಕೂಸಿನ ಮೆದುಳು ಬೆಳೆಯದೇ ಹೋಗಬಹುದು. ಲಸಿಕೆ ಇಲ್ಲ. ಇದನ್ನೂ ಡೆಂಗಿಯನ್ನೂ ಹರಡುವ ಸೊಳ್ಳೆ ಒಂದೇ. ಅದು ಗದ್ದೆಯ ಕೆಸರಿನಲ್ಲಿ ಅಲ್ಲ, ನಿಮ್ಮ ಮನೆಯ ಡ್ರಮ್ಮು, ತೊಟ್ಟಿ, ಕೂಲರಿನ ತಿಳಿ ನೀರಿನಲ್ಲಿ ಮೊಟ್ಟೆ ಇಡುತ್ತದೆ, ಹಗಲು ಕಚ್ಚುತ್ತದೆ. ವಾರಕ್ಕೊಮ್ಮೆ ಎಲ್ಲ ಖಾಲಿ ಮಾಡಿ ತಿಕ್ಕಿ ಒಣಗಿಸಿ. ಹಗಲು ಮಲಗುವಾಗಲೂ ಸೊಳ್ಳೆಪರದೆ ಇರಲಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ, ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮೊಮ್ಮಗ ಹುಟ್ಟಿ ಹನ್ನೆರಡು ದಿನ. ಬಿಸಿಲು ತಡೆಯಲು ಆಗುತ್ತಿಲ್ಲ, ಕೂಸಿನ ಬಾಯಿ ಒಣಗುತ್ತದೆ. ಸಕ್ಕರೆ ನೀರು ಹಾಕಬೇಡಿ ಎಂದು ನರ್ಸಮ್ಮ ಬೈದಳು. ಗುಟ್ಟಿಯನ್ನೂ ಬಿಡು ಎನ್ನುತ್ತಾಳೆ. ನಾಲ್ಕು ಮಕ್ಕಳನ್ನು ಇದೇ ಗುಟ್ಟಿ ಹಾಕಿ ಬೆಳೆಸಿದ್ದೇನೆ. (ಗಬ್ಬೂರಿನ ಅಜ್ಜಿ, ಮೊಮ್ಮಗಳ ಕೈಯಲ್ಲಿ ಬರೆಸಿದ್ದು)

ಉತ್ತರ: ಅಮ್ಮಾ, ನಾಲ್ಕು ಮಕ್ಕಳನ್ನು ಬೆಳೆಸಿದ ನಿಮ್ಮ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸೊಸೆಗೆ ನೀವು ಕೊಡುತ್ತಿರುವ ಅಳವಿ ಪಾಯಸ, ಅಂಟಿನುಂಡಿ, ಕೆಲಸವಿಲ್ಲದ ನಲವತ್ತು ದಿನ ಇವೆಲ್ಲ ಒಳ್ಳೆಯವು. ಯಾವ ಆಸ್ಪತ್ರೆಯೂ ಅಂಥ ಆರೈಕೆ ಕೊಡಲಾರದು. ಆದರೆ ನೀರು, ಗುಟ್ಟಿಯ ವಿಷಯದಲ್ಲಿ ನರ್ಸಮ್ಮನೇ ಸರಿ.

ತಾಯಿಯ ಹಾಲಿನ 100 ಭಾಗದಲ್ಲಿ 87–88 ಭಾಗ ನೀರೇ. ರಾಯಚೂರಿನ ಬಿಸಿಲು 42 ಡಿಗ್ರಿ ದಾಟಿದರೂ ಆರು ತಿಂಗಳವರೆಗೆ ಕೂಸಿಗೆ ಅದೇ ಸಾಕು. ಬಿಸಿಲಿನಲ್ಲಿ ಇನ್ನೆರಡು ಸಲ ಹೆಚ್ಚು ಹಾಲೂಡಿಸಿದರಾಯಿತು. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದರ್ಥ. ನೀರು ಕುಡಿದು ಹೊಟ್ಟೆ ತುಂಬಿದ ಕೂಸು ಮೊಲೆ ಚೀಪುವುದಿಲ್ಲ, ಚೀಪದಿದ್ದರೆ ಹಾಲು ಬತ್ತುತ್ತದೆ.

ಇನ್ನು ನಮ್ಮ ನೀರು ಎಂಥದ್ದು? 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲೇ ನಳದ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ಮೇ ತಿಂಗಳಲ್ಲಿ ನಿಮ್ಮದೇ ತಾಲ್ಲೂಕಿನ ರೇಕಲಮರಡಿಯಲ್ಲಿ ವಾಂತಿಭೇದಿಯಿಂದ ಒಂದು ಮಗು ಹೋಯಿತು. ಕುದಿಸಿ ಕೊಡುತ್ತೇವೆ ಎನ್ನುವಿರಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಈ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿರುವ ಫ್ಲೋರೈಡು, ಆರ್ಸೆನಿಕ್ ಹೋಗುವುದಿಲ್ಲ. ಗುಟ್ಟಿ ತೇಯುವ ಕಲ್ಲು, ಒಳಲೆ, ಬೆರಳು ಇವುಗಳ ಮೇಲೂ ಕ್ರಿಮಿ ಇರುತ್ತದೆ. ಹುಟ್ಟಿದ ಕೂಡಲೆ ಜೇನು ನೆಕ್ಕಿಸುವುದೂ ಬೇಡ. ಒಂದು ವರ್ಷದೊಳಗೆ ಜೇನು ಕೊಟ್ಟರೆ ಕೂಸಿನ ನರಗಳನ್ನು ಸಡಿಲಗೊಳಿಸುವ ವಿಷಕ್ರಿಮಿ ಸೇರುವ ಅಪಾಯವಿದೆ. ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ. ಅದು ಕೂಸಿನ ಮೊದಲ ಲಸಿಕೆಯೇ ಸರಿ.

ಅಗ್ಗಿಷ್ಟಿಕೆಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಬೇಸಿಗೆಯ ಮುಚ್ಚಿದ ಕೋಣೆಯಲ್ಲಿ ಕೆಂಡ, ಹೊಗೆ, ಮೇಲೆ ಕುಲಾಯಿ, ಕಂಬಳಿ ಎಂದರೆ ಕೂಸು ಬೆಂದುಹೋಗುತ್ತದೆ. ಎಣ್ಣೆ ಹಚ್ಚಿ, ಆದರೆ ಕಿವಿ ಮೂಗಿಗೆ ಬಿಡಬೇಡಿ. ಕಾಡಿಗೆ ಕಣ್ಣಿಗೆ ಬೇಡ. ದೃಷ್ಟಿಗೆ ಬೇಕೇಬೇಕೆಂದರೆ ಅಂಗಾಲಿಗೆ ಒಂದು ಬೊಟ್ಟು ಇಡಿ. ಸೊಸೆಗೆ ಮಾತ್ರ ನೀರು ಕಡಿಮೆ ಕೊಡಬೇಡಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ, ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು.

ಪ್ರಶ್ನೆ: ಕೂಸಿಗೆ ನಾಲ್ಕು ದಿನ, ಮೈ ಹಳದಿ. ಕಾಮಣಿಗೆ ಹೊಟ್ಟೆಗೆ ಸುಡಿಸಬೇಕು ಎನ್ನುತ್ತಾರೆ. (ದೇವದುರ್ಗ)

ಉತ್ತರ: ಸುಡಿಸಬೇಡಿ. ಎಷ್ಟೋ ಕೂಸುಗಳ ಕಾಮಣಿ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ, ಅದರ ಹೆಸರು ಬರೆ ಹಾಕಿದವರಿಗೆ ಹೋಗುತ್ತದೆ. ಕೂಸಿಗೆ ಉಳಿಯುವುದು ಗಾಯ, ಕೀವು, ಕೆಲವೊಮ್ಮೆ ಸಾವು. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಕೂಸು ಹಾಲು ಬಿಟ್ಟು ಜೋಲು ಬಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ನೀಲಿ ಬೆಳಕಿನಡಿ ಮಲಗಿಸಿ ಇಳಿಸುತ್ತಾರೆ. ಬೆಳಗಿನ ಬಿಸಿಲಿಗೆ ಹಿಡಿಯುವುದು ಅದಕ್ಕೆ ಬದಲಿಯಲ್ಲ.

ಪ್ರಶ್ನೆ: ಕೂಸಿಗೆ ಆರು ತಿಂಗಳಾಯಿತು, ಏನು ತಿನ್ನಿಸಲಿ? (ಮಾನ್ವಿ)

ಉತ್ತರ: ನೀವು ಉಣ್ಣುವುದನ್ನೇ, ಮೆತ್ತಗೆ ಮಾಡಿ. ಜೋಳದ ನುಚ್ಚು, ಅನ್ನ, ತೊಗರಿ ಅಥವಾ ಹೆಸರು ಬೇಳೆ, ಸೊಪ್ಪು, ಮೇಲೊಂದು ಚಮಚ ಎಣ್ಣೆ ಅಥವಾ ತುಪ್ಪ. ತೆಳ್ಳಗೆ ಬೇಳೆಯ ಕಟ್ಟು ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ; ಚಮಚ ಓರೆ ಮಾಡಿದರೆ ಬೀಳದಷ್ಟು ಗಟ್ಟಿ ಇರಲಿ. ವರ್ಷದೊಳಗೆ ಉಪ್ಪು, ಸಕ್ಕರೆ, ಅಂಗಡಿಯ ಬಿಸ್ಕತ್ತು ಬೇಡ. ಎದೆಹಾಲು ಮುಂದುವರಿಯಲಿ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ತಪ್ಪಿಸಬೇಡಿ.

ಪ್ರಶ್ನೆ: ಹೆರಿಗೆಯಾಗಿ ಮೂರು ತಿಂಗಳು. ಕೂಸು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಸುಮ್ಮನೆ ಅಳು ಬರುತ್ತದೆ. ಕೂಸನ್ನು ಎತ್ತಿಕೊಳ್ಳಲು ಮನಸ್ಸೇ ಬರುವುದಿಲ್ಲ. ದೃಷ್ಟಿ ಎಂದು ತೆಗೆಸಿದರು, ಕಡಿಮೆಯಾಗಲಿಲ್ಲ. ಗಂಡ ದುಡಿಯಲು ಹೋಗಿದ್ದಾರೆ. ನಾನು ಕೆಟ್ಟ ತಾಯಿಯೇ? (ಊರು ಹಾಕಬೇಡಿ)

ಉತ್ತರ: ಅಲ್ಲ ತಂಗಿ. ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ. ಈ ಸಲದ ಪತ್ರಗಳಲ್ಲಿ ಬಸುರಿ, ಬಾಣಂತಿಯೇ ಕೈಯಾರೆ ಬರೆದದ್ದು ನೀವು, ಮಾನ್ವಿಯ ಇಬ್ಬರು, ಅಷ್ಟೇ. ಉಳಿದವರ ಪರವಾಗಿ ಗಂಡ, ಅಣ್ಣ, ಅತ್ತೆ ಬರೆದಿದ್ದಾರೆ. ರಕ್ತ, ಬಿ.ಪಿ., ಹಾಲು ಎಲ್ಲವನ್ನೂ ಅವರು ಕೇಳಿದ್ದಾರೆ. ಮನಸ್ಸಿನ ಬಗ್ಗೆ ಒಬ್ಬರೂ ಕೇಳಿಲ್ಲ.

ಹೆರಿಗೆಯಾದ ಮೊದಲ ವಾರ ಅಳು ಬರುವುದು ಬಹಳ ಜನರಿಗೆ ಉಂಟು, ಎರಡು ವಾರದಲ್ಲಿ ಹೋಗುತ್ತದೆ. ಅದನ್ನು ದಾಟಿ ತಿಂಗಳುಗಟ್ಟಲೆ ಉಳಿದರೆ ಅದು ಬಾಣಂತಿಯ ಖಿನ್ನತೆ. ರಕ್ತಹೀನತೆ, ಥೈರಾಯ್ಡ್ ಏರುಪೇರು ಇದನ್ನು ಹೆಚ್ಚಿಸುತ್ತವೆ, ಅವೆರಡನ್ನೂ ಪರೀಕ್ಷೆ ಮಾಡಿಸಿ. ಹಾಲೂಡಿಸುತ್ತಲೇ ತಗೊಳ್ಳಬಹುದಾದ ಮಾತ್ರೆಗಳಿವೆ. ಪರಿಣಾಮ ಕಾಣಲು ಎರಡು ಮೂರು ವಾರ ಹಿಡಿಯುತ್ತದೆ, ಸುಧಾರಿಸಿತೆಂದು ನಡುವೆ ಬಿಡಬಾರದು. ರಾತ್ರಿ ಒಂದು ಹೊತ್ತು ಕೂಸನ್ನು ತಾಯಿಯೋ ಅತ್ತೆಯೋ ನೋಡಿಕೊಂಡು ನಿಮಗೆ ನಾಲ್ಕೈದು ತಾಸು ನಿದ್ದೆ ಸಿಗುವಂತೆ ಮಾಡಬೇಕು. ಕೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯ ಮೂಲಕ ಹೇಳಿಸಿ.

14416ಕ್ಕೆ ಫೋನು ಮಾಡಿ. ಅದು ಟೆಲಿ-ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವ ತೆಗೆದುಕೊಳ್ಳಬೇಕೆಂದೋ ಕೂಸಿಗೆ ಏನಾದರೂ ಮಾಡಬೇಕೆಂದೋ ಯೋಚನೆ ಬಂದರೆ, ಇಲ್ಲದ ದನಿ ಕೇಳಿಸಿದರೆ ಫೋನಿಗೂ ಕಾಯಬೇಡಿ. ಮನೆಯಲ್ಲಿ ಯಾರಿದ್ದರೆ ಅವರನ್ನು ಎಬ್ಬಿಸಿ, ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಿ.